ಬಿಸಿ ಬಿಟ್ಟಾರೇನು?

ಪ್ರತಿ ವರ್ಷ ಅಕ್ಟೋಬರ್ 15ರ ಸಂಜೆ ಅಪ್ಪ ಮಾನ್ವಿ ಕಡೆಯ ನಮ್ಮ ಹಳ್ಳಿಯಿಂದ ಫೋನ್ ಮಾಡುತ್ತಾರೆ. ಊಟ ಆಯ್ತಾ, ಆರಾಮಿದ್ದೀಯಾ ಎಲ್ಲ ಆಮೇಲೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ. "ಬಿಸಿ ಬಿಟ್ಟಾರೇನು?"

ನಾಲೆಗೆ ನೀರು ಬಿಟ್ಟಾರೇನು ಅಂತ ಕೇಳುವ ಧಾಟಿ ಅದು. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬಿಟ್ಟಾರೇನು ಅಂತ ಪಕ್ಕದ ಹೊಲದವರನ್ನು ಕೂಗಿ ಕೇಳುವ ಧಾಟಿ. ನಾನಿರುವುದು ಇಟಲಿಯ ಟ್ಯೂರಿನ್‌ನಲ್ಲಿ, ಇಲ್ಲಿಯವರ ಬಾಯಲ್ಲಿ ತೊರೀನೊ. ಆಕಾಶ ತಿಳಿಯಾಗಿದ್ದರೆ ಅಡುಗೆಮನೆ ಕಿಟಕಿಯಿಂದ ಆಲ್ಪ್ಸ್ ಬೆಟ್ಟದ ಹಿಮ ಕಾಣುತ್ತದೆ. ಇಂಥ ಊರಲ್ಲಿ ಮನೆ ಬಿಸಿ ಮಾಡುವುದಕ್ಕೆ ನಮಗೆ ಚಳಿ ಆದರೆ ಸಾಲದು, ಸರ್ಕಾರ ಹೇಳಿದ ತಾರೀಖು ಬರಬೇಕು. ಇದನ್ನು ಮೊದಲ ಸಲ ಹೇಳಿದಾಗ ಅವ್ವ ನಂಬಲಿಲ್ಲ. "ಚಳಿ ಆದ್ರ ಹಚ್ಚಿಗೋಬೇಕಪ, ಅದನ್ನ ಸರ್ಕಾರ ಯಾಕ ಹೇಳಬೇಕು?" ಅಂದಳು. ಅಪ್ಪನಿಗೆ ಮಾತ್ರ ಬಿಡಿಸಿ ಹೇಳಬೇಕಾಗಲಿಲ್ಲ. ಅವರು ಜೀವನವಿಡೀ ಸರ್ಕಾರ ಹೇಳಿದ ತಾರೀಖಿಗೆ ನೀರು ಹಾಯಿಸಿದ ಮನುಷ್ಯ. "ಇಂಥಾ ದಿನದಿಂದ ಇಂಥಾ ದಿನದ ತನಕ ಬಿಡ್ತಾರ. ನಮ್ಮ ಐಸಿಸಿ ಮೀಟಿಂಗ್ ಇದ್ದಂಗ" ಅಂತ ಅವ್ವನಿಗೆ ಅವರೇ ತಿಳಿಹೇಳಿದರು.

ತುಂಗಭದ್ರಾ ಕಡೆಯವರಲ್ಲದವರಿಗೆ ಒಂದು ಮಾತು. ಐಸಿಸಿ ಅಂದರೆ ಕ್ರಿಕೆಟ್ ಅಲ್ಲ, ನೀರಾವರಿ ಸಲಹಾ ಸಮಿತಿ. ಡ್ಯಾಮಿನಲ್ಲಿ ಎಷ್ಟು ಟಿಎಂಸಿ ಇದೆ ಅಂತ ನೋಡಿ, ಎಡದಂಡೆ ನಾಲೆಗೆ ಯಾವತ್ತಿನಿಂದ ಯಾವತ್ತಿನ ತನಕ ಎಷ್ಟು ನೀರು ಅಂತ ಕೂತು ತೀರ್ಮಾನ ಮಾಡುವ ಸಭೆ. ಆ ತಾರೀಖಿನ ಮೇಲೆ ನಮ್ಮ ಕಡೆ ಭತ್ತ ಹಚ್ಚೋದೋ ಜೋಳ ಬಿತ್ತೋದೋ ಅನ್ನೋದು ತೀರ್ಮಾನ ಆಗುತ್ತದೆ, ಎಷ್ಟೋ ಸಲ ಮದುವೆ ಮುಹೂರ್ತ ಕೂಡ.

ನಾನಿಲ್ಲಿಗೆ ಎಂಎಸ್ ಓದಲು ಬಂದಿದ್ದು ಒಂದು ಸೆಪ್ಟೆಂಬರ್‌ನಲ್ಲಿ. ಅಕ್ಟೋಬರ್ ಮೊದಲ ವಾರವೇ ರಾತ್ರಿ 9 ಡಿಗ್ರಿಗೆ ಇಳಿಯಿತು. ರಾಯಚೂರು ಜಿಲ್ಲೆಯ ಹುಡುಗನಿಗೆ 20 ಡಿಗ್ರಿಯೇ ಸ್ವೆಟರ್ ಹಾಕುವ ಚಳಿ, ಇನ್ನು 9ರ ಮಾತೇನು. ಕೋಣೆಯಲ್ಲಿ ಕಿಟಕಿ ಕೆಳಗೆ ಬೀಡು ಕಬ್ಬಿಣದ ರೇಡಿಯೇಟರ್ ಇತ್ತು. ಇಲ್ಲಿ ಅದಕ್ಕೆ ತೆರ್ಮೊಸಿಫೋನೆ ಅನ್ನುತ್ತಾರೆ. ಅದರ ಪಕ್ಕದ ತಿರುಪನ್ನು ಪೂರ್ತಿ ತಿರುಗಿಸಿ, ಮೇಲೆ ಕೈಯಿಟ್ಟು ಅರ್ಧ ಗಂಟೆ ಕೂತೆ. ಕಲ್ಲಿನ ಹಾಗೆ ತಣ್ಣಗೇ ಇತ್ತು. ಕೆಟ್ಟಿದೆ ಅಂತ ಮನೆ ಒಡತಿಗೆ ಮೆಸೇಜ್ ಹಾಕಿದರೆ ಬಂದ ಉತ್ತರ ಇಷ್ಟೇ: "ಇನ್ನೂ 15 ಆಗಿಲ್ಲವಲ್ಲ."

15 ಆಗಿಲ್ಲ ಅಂದರೆ ಏನು ಅಂತ ತಿಳಿಯಲು ನನಗೆ ಎರಡು ದಿನ ಬೇಕಾಯಿತು.

ಮರುದಿನ ಸಂಜೆ ಅಂಗಡಿಗೆ ಹೋಗಿ ಒಂದು ಚಿಕ್ಕ ಎಲೆಕ್ಟ್ರಿಕ್ ಹೀಟರ್ ತಂದೆ. ಸರ್ಕಾರದ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ, ಪ್ಲಗ್ ಹಾಕಿದರೆ ಯಾರೂ ಕೇಳುವುದಿಲ್ಲ. ಕೇಳುವುದು ಮೀಟರ್ ಮಾತ್ರ. ಇಟಲಿಯ ಮಾಮೂಲಿ ಮನೆಗಳ ಕರೆಂಟ್ ಕರಾರು 3 ಕಿಲೋವ್ಯಾಟ್. ಹೀಟರ್ 2 ಕಿಲೋವ್ಯಾಟ್. ರೂಮ್‌ಮೇಟ್ ಓವನ್‌ನಲ್ಲಿ ಏನೋ ಬೇಯಿಸುತ್ತಿದ್ದ, ನಾನು ಊರಿಂದ ತಂದ ಮಿಕ್ಸಿಯಲ್ಲಿ ಶೇಂಗಾ ಚಟ್ನಿಪುಡಿ ಮಾಡಲು ಹೊರಟೆ, ಟಪ್ ಅಂತ ಇಡೀ ಮನೆ ಕತ್ತಲು. ಐದು ಮಹಡಿ ಇಳಿದು ನೆಲಮನೆಯಲ್ಲಿರುವ ಮೀಟರ್ ಹತ್ತಿರ ಹೋಗಿ ಸ್ವಿಚ್ ಎತ್ತಬೇಕು. ಲಿಫ್ಟ್ ಇಲ್ಲ. ಆ ವಾರ ನಾಲ್ಕು ಸಲ ಇಳಿದು ಹತ್ತಿದೆ, ಆ ಲೆಕ್ಕದಲ್ಲಿ ಮೈ ಬೆಚ್ಚಗಾಗಿದ್ದು ನಿಜ.

ಈಗ ನಿಯಮದ ವಿಷಯ. ಇಟಲಿ 1993ರ ಆಗಸ್ಟ್‌ನಲ್ಲಿ ಒಂದು ಆದೇಶ ಹೊರಡಿಸಿತು, 412ನೇ ನಂಬರಿನದು. 2013ರಲ್ಲಿ ಇನ್ನೊಂದು ಆದೇಶ ಅದನ್ನು ತಿದ್ದಿ ಹೊಸದಾಗಿ ಬರೆಯಿತು. ಇಡೀ ದೇಶದ ಪ್ರತಿಯೊಂದು ಊರನ್ನೂ ಎ ಯಿಂದ ಎಫ್ ತನಕ ಆರು ವಲಯಗಳಲ್ಲಿ ಹಂಚಿದ್ದಾರೆ. ಎ ಅಂದರೆ ಲಾಂಪೆದೂಸಾ ದ್ವೀಪದಂಥ ತೆಂಕಣ ತುದಿಯ ಬೆಚ್ಚಗಿನ ಜಾಗ. ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ತನಕ, ದಿನಕ್ಕೆ 6 ಗಂಟೆ ಮಾತ್ರ ಬಿಸಿ. ಪಲೆರ್ಮೊ ಬಿ, ದಿನಕ್ಕೆ 8 ಗಂಟೆ. ನೇಪಲ್ಸ್ ಸಿ, 10 ಗಂಟೆ. ರೋಮ್ ಡಿ, ನವೆಂಬರ್ 1ರಿಂದ ಏಪ್ರಿಲ್ 15, ದಿನಕ್ಕೆ 12 ಗಂಟೆ. ಮಿಲಾನ್, ಬೊಲೊನ್ಯಾ, ನಮ್ಮ ಟ್ಯೂರಿನ್ ಎಲ್ಲ ಇ. ಅಕ್ಟೋಬರ್ 15ರಿಂದ ಏಪ್ರಿಲ್ 15, ದಿನಕ್ಕೆ 14 ಗಂಟೆ, ಅದೂ ಬೆಳಗಿನ 5ರಿಂದ ರಾತ್ರಿ 11ರ ಒಳಗೆ. ಎಫ್ ಅಂದರೆ ಬೆಟ್ಟದ ಊರುಗಳು, ಅವರಿಗೆ ತಾರೀಖು, ಗಂಟೆಯ ಮಿತಿ ಇಲ್ಲ. ಮನೆಯೊಳಗೆ 20 ಡಿಗ್ರಿ ಇರಬಹುದು, ಎರಡು ಡಿಗ್ರಿ ಜಾಸ್ತಿ ಆದರೆ ನಡೆಯುತ್ತದೆ. ಆಸ್ಪತ್ರೆ, ವೃದ್ಧಾಶ್ರಮ, ಶಿಶುವಿಹಾರಕ್ಕೆ ವಿನಾಯಿತಿ. ರಾಯಭಾರ ಕಚೇರಿಗಳಿಗೂ, ಈಜುಕೊಳ ಮತ್ತು ಸೌನಾಗಳಿಗೂ. ಚಳಿ ತಡೆಯದಿದ್ದರೆ ಈಜುಡುಗೆ ಹಾಕಿಕೊಂಡು ಹೋಗಿ ಕೂರಬಹುದು ಅಂತ ನಾವು ಹುಡುಗರು ಆಡಿಕೊಳ್ಳುತ್ತಿದ್ದೆವು.

ಯಾವ ಊರು ಯಾವ ವಲಯ ಅಂತ ಹೇಗೆ ತೀರ್ಮಾನ ಮಾಡಿದರು ಅನ್ನುವುದು ನನಗೆ ಇಷ್ಟವಾದ ಭಾಗ. ಒಂದು ದಿನ ಹೊರಗಿನ ಸರಾಸರಿ 8 ಡಿಗ್ರಿ ಇತ್ತು ಅಂದುಕೊಳ್ಳಿ. ಮನೆಯೊಳಗೆ ಬೇಕಾದ್ದು 20. ಕೊರತೆ 12. ಮರುದಿನ 5 ಡಿಗ್ರಿ, ಕೊರತೆ 15. ಹೀಗೆ ಚಳಿಗಾಲದ ಅಷ್ಟೂ ದಿನದ ಕೊರತೆಯನ್ನು ಕೂಡುತ್ತಾ ಹೋದರೆ ಬರುವ ಮೊತ್ತವೇ ಆ ಊರಿನ ಚಳಿಯ ಸಾಲ ಅನ್ನಬಹುದು. ಟ್ಯೂರಿನ್‌ನ ಲೆಕ್ಕ 2617. ಮಿಲಾನ್ 2404. ರೋಮ್ 1415. ಪಲೆರ್ಮೊ 751. ಇದೇ ಲೆಕ್ಕವನ್ನು ಬೆಂಗಳೂರಿಗೆ ಹಾಕಿದರೆ ಸೊನ್ನೆಯ ಆಸುಪಾಸಿಗೆ ಬಂದು ನಿಲ್ಲುತ್ತದೆ, ಡಿಸೆಂಬರ್ ಬಂದ ಕೂಡಲೇ ಮಫ್ಲರ್ ಸುತ್ತಿಕೊಳ್ಳುವ ನನ್ನ ಬೆಂಗಳೂರಿನ ಮಾವ ಇದನ್ನು ಒಪ್ಪುವುದಿಲ್ಲ. ನಮ್ಮ ರಾಯಚೂರಿಗೆ ಹಾಕಲು ಹೋದರೆ ಲೆಕ್ಕವೇ ತಿರುಗಾಮುರುಗಾ. ಸಾಲ ಅಲ್ಲ, ಉಳಿತಾಯ.

ಲೆಕ್ಕ ಚೆನ್ನಾಗಿದೆ. ಆದರೆ ಅದು ಹೊರಗಿನ ಗಾಳಿಯ ಲೆಕ್ಕ, ಗೋಡೆಯ ಲೆಕ್ಕ ಅಲ್ಲ. ನನ್ನ ಜೊತೆ ಓದಿದ ಪಲೆರ್ಮೊದ ಹುಡುಗಿ ಒಬ್ಬಳಿದ್ದಳು. ತಾನು ಕಂಡ ಅತಿ ಚಳಿಯ ಮನೆ ಅಂದರೆ ಟ್ಯೂರಿನ್‌ದಲ್ಲ, ತನ್ನ ಅಮ್ಮನ ಮನೆ ಅನ್ನುತ್ತಿದ್ದಳು. ಬೇಸಿಗೆಗೆ ಅಂತ ಕಟ್ಟಿದ ಮನೆ, ಎತ್ತರದ ಚಾವಣಿ, ಕಲ್ಲು ಹಾಸಿನ ನೆಲ, ಕಿಟಕಿ ಸಂದಿಯಲ್ಲಿ ಗಾಳಿ. ಜನವರಿಯಲ್ಲಿ ಕೋಟು ಹಾಕಿಕೊಂಡೇ ಊಟಕ್ಕೆ ಕೂರುತ್ತಾರಂತೆ. ಟ್ಯೂರಿನ್‌ಗೆ ಬಂದ ಮೇಲೆ ಚಳಿಗಾಲದಲ್ಲಿ ಟೀ ಶರ್ಟ್ ಹಾಕಿ ಮನೆಯೊಳಗೆ ಓಡಾಡುವುದನ್ನು ಕಲಿತೆ ಅಂದಳು. ಬೆಂಗಳೂರಿನ ಮೊಸಾಯಿಕ್ ನೆಲದ ಮೇಲೆ ಜನವರಿ ಬೆಳಿಗ್ಗೆ ಬರಿಗಾಲಲ್ಲಿ ನಿಂತವರಿಗೆ ಅವಳ ಮಾತು ಅರ್ಥವಾದೀತು.

ಇಟಲಿಯವರಿಗೂ ನಮಗೂ ಚಳಿಯ ವಿಷಯದಲ್ಲಿ ಇನ್ನೊಂದು ಹೋಲಿಕೆ ಇದೆ. ಇವರು ಥಂಡಿ ಗಾಳಿಗೆ ಹೆದರುವ ಜನ. ಕೊಲ್ಪೊ ದಾರಿಯಾ ಅಂತ ಒಂದು ಕಾಯಿಲೆ ಇದೆ ಇಲ್ಲಿ, ಅಂದರೆ ಗಾಳಿಯ ಏಟು. ಕುತ್ತಿಗೆ ಹಿಡಿದರೂ ಅದೇ, ಹೊಟ್ಟೆ ಕೆಟ್ಟರೂ ಅದೇ. ತಲೆ ಒದ್ದೆ ಇದ್ದಾಗ ಹೊರಗೆ ಹೋದರೆ ಪಕ್ಕದ ಮನೆಯವರು ಕೂಡ ಬೈಯುತ್ತಾರೆ. ಕಿವಿಗೆ ಹತ್ತಿ ಇಟ್ಟುಕೊಳ್ಳುವ ನಮ್ಮ ಹಿರಿಯರನ್ನು ನೋಡಿ ನಗುತ್ತಿದ್ದ ನಾನು ಇಲ್ಲಿ ಬಂದು ತೆಪ್ಪಗಾದೆ. ಇಷ್ಟು ಚಳಿಗೆ ಹೆದರುವ ಜನ ಇಷ್ಟು ಬಿಗಿಯಾದ ನಿಯಮ ಯಾಕೆ ಒಪ್ಪಿಕೊಂಡರು?

ಇದಕ್ಕೆ ಉತ್ತರ ಕೊಟ್ಟಿದ್ದು ನನ್ನ ಎದುರು ಬಾಗಿಲಿನ ಸಿನ್ಯೋರಾ. ಎಂಬತ್ತರ ಹತ್ತಿರದ ಹೆಂಗಸು, ಒಬ್ಬರೇ ಇರುತ್ತಾರೆ. 1973ರ ಕಥೆ ಹೇಳಲು ಶುರು ಮಾಡಿದರೆ ನಿಲ್ಲಿಸುವುದಿಲ್ಲ. ಅರಬ್ ದೇಶಗಳು ತೈಲ ಬಿಗಿ ಮಾಡಿದ ವರ್ಷ. ಡಿಸೆಂಬರ್ 2ರ ಭಾನುವಾರದಿಂದ ಇಟಲಿಯಲ್ಲಿ ಭಾನುವಾರ ಕಾರು ಓಡಿಸುವ ಹಾಗಿಲ್ಲ ಅಂತಾಯಿತು. ಕಾರು ತಯಾರಿಸುವ ಊರಾದ ಟ್ಯೂರಿನ್‌ನಲ್ಲೇ ಕಾರಿಲ್ಲದ ಬೀದಿಗಳು. ಜನ ಸೈಕಲ್ ತಂದರು, ಚಕ್ರದ ಶೂ ಕಟ್ಟಿಕೊಂಡು ರಸ್ತೆ ನಡುವೆ ಜಾರಿದರು, ಕುದುರೆ ಗಾಡಿ ಹೊರಬಂದವು. ಟಿವಿ ಕೂಡ ರಾತ್ರಿ ಬೇಗ ಮುಗಿಯುತ್ತಿತ್ತು. "ಬೇಗ ಮಲಗಿದೆವು, ಅದರಿಂದ ಆಗಿದ್ದೇ ನನ್ನ ಎರಡನೇ ಮಗ" ಅಂತ ಸಿನ್ಯೋರಾ ಪ್ರತಿ ಸಲವೂ ಕಣ್ಣು ಮಿಟುಕಿಸುತ್ತಾರೆ. ಆ ಬಿಕ್ಕಟ್ಟು ಕಳೆದ ಮೇಲೆ 1976ರಲ್ಲಿ ಕಟ್ಟಡಗಳಲ್ಲಿ ಇಂಧನ ಉಳಿಸುವ ಮೊದಲ ಕಾನೂನು ಬಂತು. ಮನೆ ಬಿಸಿ ಮಾಡುವುದು ಮನೆಯವರ ಖಾಸಗಿ ವಿಷಯ ಅಲ್ಲ ಅನ್ನುವ ಯೋಚನೆ ಅಲ್ಲಿಂದ ಬೆಳೆದು 1993ಕ್ಕೆ ಬಂದು ವಲಯ, ತಾರೀಖು, ಗಂಟೆ ಅಂತ ಗಟ್ಟಿಯಾಯಿತು.

ಇನ್ನೊಂದು ಕಾರಣ ಇದೆ, ಅದು ಕಣ್ಣಿಗೆ ಕಾಣುವಂಥದ್ದು. ಪೊ ನದಿಯ ಬಯಲು ಒಂದು ಬಾಣಲೆ ಇದ್ದ ಹಾಗೆ. ಉತ್ತರ ಮತ್ತು ಪಶ್ಚಿಮಕ್ಕೆ ಆಲ್ಪ್ಸ್, ದಕ್ಷಿಣಕ್ಕೆ ಅಪೆನ್ನೈನ್ ಬೆಟ್ಟ. ಚಳಿಗಾಲದಲ್ಲಿ ಗಾಳಿ ಆಡುವುದಿಲ್ಲ. ಮನೆಗಳ ಹೊಗೆ, ಕಾರಿನ ಹೊಗೆ, ಹೊಲಗಳ ಅಮೋನಿಯಾ ಎಲ್ಲ ಆ ಬಾಣಲೆಯಲ್ಲೇ ಕೂತಿರುತ್ತವೆ. ಯುರೋಪಿನಲ್ಲಿ ಗಾಳಿ ಅತಿ ಕೆಟ್ಟಿರುವ ಜಾಗಗಳಲ್ಲಿ ಇದೂ ಒಂದು. ಗಾಳಿ ತೀರಾ ಕೆಟ್ಟ ದಿನಗಳಲ್ಲಿ ಹಳೆಯ ಕಟ್ಟಿಗೆ ಒಲೆಗಳನ್ನು ಉರಿಸಬಾರದು ಅಂತಲೂ ಇದೆ. ಅಂಥ ದಿನಗಳಿಗೆ ನಾವು ಬೆಟ್ಟ ಕಾಣದ ವಾರ ಅನ್ನುತ್ತೇವೆ.

ಇಷ್ಟೆಲ್ಲ ಕೇಳಿದ ಮೇಲೆ ತಾರೀಖಿನ ಬಗ್ಗೆ ನನಗಿದ್ದ ಸಿಟ್ಟು ಇಳಿಯಿತು. ಹೊಸ ಸಿಟ್ಟು ಬೇರೆ ಕಡೆಯಿಂದ ಶುರುವಾಯಿತು.

ನಮ್ಮ ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ಒಂದೇ ಬಾಯ್ಲರ್. ಬಿಸಿನೀರು ಕೊಳವೆಯಲ್ಲಿ ಮೇಲೆ ಹೊರಡುತ್ತದೆ, ಒಂದನೇ ಮಹಡಿ, ಎರಡನೇ ಮಹಡಿ, ಹೀಗೆ ಒಂದೊಂದೇ ಮನೆಗೆ ಬಿಸಿ ಕೊಡುತ್ತಾ ಐದನೆಯದಕ್ಕೆ ಬರುತ್ತದೆ. ನನ್ನದೂ ಸಿನ್ಯೋರಾ ಮನೆಯೂ ಐದರಲ್ಲಿ. ನಮ್ಮ ತಲೆ ಮೇಲೆ ಬರೀ ಹಂಚಿನ ಮಾಡು. ಕೆಳಗಿನ ಮನೆಗಳಿಗೆ ಕೆಳಗೂ ಬಿಸಿ ಮನೆ, ಮೇಲೂ ಬಿಸಿ ಮನೆ. ಅವರು 24 ಡಿಗ್ರಿಯಲ್ಲಿ ಬೆವರುತ್ತಿದ್ದಾಗ ನಾವು 17ರಲ್ಲಿ ಕಾಲುಚೀಲದ ಮೇಲೆ ಕಾಲುಚೀಲ. ಒಂದನೇ ಮಹಡಿಯವರು ಜನವರಿಯಲ್ಲಿ ಸೆಕೆ ಅಂತ ಕಿಟಕಿ ತೆರೆದಿಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ. ಅದೇ ತಾರೀಖು, ಅದೇ 14 ಗಂಟೆ, ಅದೇ ನಿಯಮ.

ನಮ್ಮ ನಾಲೆ ನೆನಪಾಗದೆ ಇರುತ್ತದಾ? ತುಂಗಭದ್ರಾ ಎಡದಂಡೆ ನಾಲೆ 226 ಕಿಲೋಮೀಟರ್ ಉದ್ದ. ಮೇಲ್ಭಾಗದಲ್ಲಿ ಗಂಗಾವತಿ, ಸಿಂಧನೂರು ಕಡೆ ಮಡಿ ತುಂಬಾ ನೀರು ನಿಲ್ಲಿಸಿ ಭತ್ತ. ಕೆಳಭಾಗದಲ್ಲಿ ಮಾನ್ವಿ, ಸಿರವಾರ, ರಾಯಚೂರು. ನಾಲೆಯ ಮೈಲ್ 69ರಲ್ಲಿ ಗೇಜ್, ಅಂದರೆ ನೀರಿನ ಮಟ್ಟ, ಕಾಯ್ದುಕೊಳ್ಳಿ ಅಂತ ನಮ್ಮವರು ಪ್ರತಿ ವರ್ಷ ರಸ್ತೆ ತಡೆ ಮಾಡುತ್ತಾರೆ, ಪ್ರತಿ ವರ್ಷ ಅಧಿಕಾರಿಗಳು ಬಂದು ಭರವಸೆ ಕೊಡುತ್ತಾರೆ. ನೀರು ಬಿಟ್ಟ ತಾರೀಖು ಎಲ್ಲರಿಗೂ ಒಂದೇ. ಆದರೆ ಆ ತಾರೀಖಿಗೆ ಗಂಗಾವತಿಯಲ್ಲಿ ನೀರಿರುತ್ತದೆ, ನಮ್ಮಲ್ಲಿ ನೀರಿನ ಸುದ್ದಿ ಇರುತ್ತದೆ. ನಾಲೆಯಲ್ಲಿ ನಾವು ಕೆಳಭಾಗದವರು, ಇಲ್ಲಿ ನಾನು ಮೇಲ್ಭಾಗದವನು. ಎರಡೂ ಕಡೆ ಕೊನೆಯವನೇ.

ಇದಕ್ಕೂ ಇಟಲಿ ಒಂದು ಮದ್ದು ಹುಡುಕಿತು. 2014ರ ಕಾನೂನಿನ ಪ್ರಕಾರ ಇಂಥ ಕಟ್ಟಡಗಳಲ್ಲಿ ಪ್ರತಿ ರೇಡಿಯೇಟರ್‌ಗೂ ತಾನಾಗಿ ಬಿಸಿ ಹಿಡಿತದಲ್ಲಿಡುವ ವಾಲ್ವ್ ಮತ್ತು ಎಷ್ಟು ಬಿಸಿ ಬಳಸಿದಿರಿ ಅಂತ ಲೆಕ್ಕ ಇಡುವ ಪುಟ್ಟ ಪೆಟ್ಟಿಗೆ ಕೂರಿಸಬೇಕು. ಗಡುವು 2016ರ ಕೊನೆ ಇತ್ತು, ಆಮೇಲೆ 2017ರ ಜೂನ್‌ಗೆ ಮುಂದೂಡಿದರು. ಅಲ್ಲಿಯ ತನಕ ಬಿಲ್ಲು ಮನೆಯ ಅಳತೆಯ ಮೇಲೆ ಬರುತ್ತಿತ್ತು, ಕಿಟಕಿ ತೆರೆದಿಟ್ಟರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಪೆಟ್ಟಿಗೆ ಬಂದ ಮೇಲೆ ಬಹುಪಾಲು ಬಳಸಿದ್ದಕ್ಕೆ ಬಿಲ್ಲು. ಕೆಳಗಿನ ಮನೆಯ ಕಿಟಕಿಗಳು ಮೆಲ್ಲಗೆ ಮುಚ್ಚಿಕೊಂಡವು, ಎಲ್ಲವೂ ಅಲ್ಲ. ನಮಗೂ ಬಿಸಿ ಸ್ವಲ್ಪ ಜಾಸ್ತಿ ಬರತೊಡಗಿತು.

ಒಳ್ಳೆಯದಾಯ್ತಲ್ಲ ಅಂದುಕೊಂಡೆ. ವರ್ಷದ ಕೊನೆಗೆ ಬಿಲ್ಲು ಬಂತು. ನಮ್ಮ ಮಾಡಿನಿಂದ ಬಿಸಿ ಸೋರುತ್ತದೆ, ಹಾಗಾಗಿ 19 ಡಿಗ್ರಿ ಆಗಬೇಕಾದರೂ ನಮ್ಮ ರೇಡಿಯೇಟರ್ ದಿನವಿಡೀ ಉರಿಯಬೇಕು. ಮೂರನೇ ಮಹಡಿಯವರು ವಾಲ್ವ್ ಬಂದ್ ಮಾಡಿದರೂ ಅವರ ಮನೆ 20ಕ್ಕಿಂತ ಕೆಳಗೆ ಇಳಿಯುವುದಿಲ್ಲ, ಸುತ್ತಲಿನ ಮನೆಗಳ ಬಿಸಿ ಗೋಡೆಯಲ್ಲಿ ಬರುತ್ತದೆ, ಅದೂ ಪುಕ್ಕಟೆ. ಸಿನ್ಯೋರಾ ಬಿಲ್ಲು ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರು. ಮೊದಲು ಚಳಿಯಲ್ಲಿ ನಡುಗುತ್ತಿದ್ದೆ, ಈಗ ಬಿಲ್ಲು ನೋಡಿ ನಡುಗುತ್ತಿದ್ದೇನೆ ಅಂದರು. ಅವರು ಎರಡು ಕೋಣೆಯ ವಾಲ್ವ್ ಪೂರ್ತಿ ಮುಚ್ಚಿ ಅಡುಗೆಮನೆಯಲ್ಲೇ ಇರಲು ಶುರು ಮಾಡಿದ್ದು ಆ ವರ್ಷ.

ನಿಜವಾದ ಮದ್ದು ಮಾಡು ಮತ್ತು ಗೋಡೆಗೆ ಹೊದಿಕೆ ಹಾಕುವುದು. ಅದಕ್ಕೆ ಸರ್ಕಾರ ದುಡ್ಡು ಕೊಡಲಿಲ್ಲ ಅನ್ನುವ ಹಾಗೂ ಇಲ್ಲ. 2020ರಲ್ಲಿ ಸೂಪರ್‌ಬೋನಸ್ ಅಂತ ತಂದರು, ಇಂಥ ಕೆಲಸಕ್ಕೆ ಆದ ಖರ್ಚಿನ 110 ಶೇಕಡಾ ತೆರಿಗೆಯಲ್ಲಿ ವಾಪಸ್. ನೂರು ಯೂರೋ ಖರ್ಚು ಮಾಡಿದರೆ ನೂರಾ ಹತ್ತು ಬರುತ್ತದೆ. ಇದನ್ನು ಕೇಳಿ ಅಪ್ಪ "ಇದರಾಗ ಏನೋ ಗೋಲ್‌ಮಾಲ್ ಅದ" ಅಂದಿದ್ದರು. ಅವರ ಅನುಮಾನ ಪೂರ್ತಿ ತಪ್ಪಾಗಲಿಲ್ಲ, ಮೋಸದ ಕೇಸುಗಳು ಸಾಲುಸಾಲಾಗಿ ಬಂದವು, ಬೊಕ್ಕಸಕ್ಕೆ ಬಿದ್ದ ಹೊರೆ 10,000 ಕೋಟಿ ಯೂರೋ ದಾಟಿತು, ಕೊನೆಗೆ ಸರ್ಕಾರವೇ ಕೈ ಹಿಂದೆಗೆಯಿತು. ನಮ್ಮ ಕಟ್ಟಡದಲ್ಲಿ ಏನಾಯಿತು ಅಂತೀರಾ? ಮೂರು ಸಲ ಸಭೆ ಸೇರಿತು. ಮೊದಲ ಸಭೆಯಲ್ಲಿ ಕೆಳಗಿನವರು ನಮಗೇನು ಚಳಿ ಇಲ್ಲವಲ್ಲ ಅಂದರು. ಎರಡನೆಯದರಲ್ಲಿ ಗೋಡೆಗೆ ಯಾವ ಬಣ್ಣ ಅಂತ ಜಗಳ ಆಯಿತು. ಮೂರನೆಯದಕ್ಕೆ ಬೇಕಾದಷ್ಟು ಜನ ಬರಲಿಲ್ಲ. ಅಷ್ಟರಲ್ಲಿ ಯೋಜನೆ ಮುಗಿಯುತ್ತಾ ಬಂತು.

ಇಷ್ಟರ ನಡುವೆ 2022 ಬಂತು. ರಷ್ಯಾ ಉಕ್ರೇನ್ ಮೇಲೆ ಬಿದ್ದಾಗ ಇಟಲಿ ಆಮದು ಮಾಡಿಕೊಳ್ಳುತ್ತಿದ್ದ ಗ್ಯಾಸಿನಲ್ಲಿ ಹತ್ತಿರ ಹತ್ತಿರ 40 ಶೇಕಡಾ ರಷ್ಯಾದಿಂದ ಬರುತ್ತಿತ್ತು. ನಿಮಗೆ ಶಾಂತಿ ಬೇಕಾ, ಎಸಿ ಬೇಕಾ ಅಂತ ಆಗಿನ ಪ್ರಧಾನಿ ಮಾರಿಯೊ ದ್ರಾಗಿ ಏಪ್ರಿಲ್‌ನಲ್ಲೇ ಕೇಳಿದ್ದರು. ಅಕ್ಟೋಬರ್‌ಗೆ ಹೊಸ ಆದೇಶ ಬಂತು. ಆ ಚಳಿಗಾಲಕ್ಕೆ ಒಟ್ಟು 15 ದಿನ ಕಡಿತ, ಶುರುವಿನಲ್ಲಿ ಒಂದಷ್ಟು, ಕೊನೆಯಲ್ಲಿ ಒಂದಷ್ಟು. ದಿನಕ್ಕೆ ಒಂದು ಗಂಟೆ ಕಡಿಮೆ. 20 ಡಿಗ್ರಿ ಬದಲು 19. ನಮಗೆ ಅಕ್ಟೋಬರ್ 15 ಹೋಗಿ 22 ಆಯಿತು, ಏಪ್ರಿಲ್ 15 ಹೋಗಿ 7 ಆಯಿತು. ಎಲ್ಲರೂ ಬೈದರು, ಎಲ್ಲರೂ ಪಾಲಿಸಿದರು. ಅದೃಷ್ಟಕ್ಕೆ ಆ ಅಕ್ಟೋಬರ್ ಯುರೋಪಿನಲ್ಲಿ ಅಲ್ಲಿಯವರೆಗೆ ದಾಖಲಾದ ಅತಿ ಬೆಚ್ಚಗಿನ ಅಕ್ಟೋಬರ್ ಆಯಿತು. ಮಿಲಾನ್‌ನಂಥ ಊರುಗಳು 22ನೇ ತಾರೀಖನ್ನೂ ಇನ್ನಷ್ಟು ಮುಂದೆ ತಳ್ಳಿದವು.

ಆ ವರ್ಷ ದೇಶದಲ್ಲಿ ನಡೆದ ಅತಿ ಗಂಭೀರ ಚರ್ಚೆ ಮಾತ್ರ ಪಾಸ್ತಾದ್ದು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಜೊರ್ಜೊ ಪರೀಸಿ, ನೀರು ಕುದಿದು ಪಾಸ್ತಾ ಹಾಕಿದ ಮೇಲೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿಟ್ಟರೂ ಬೇಯುತ್ತದೆ ಅನ್ನುವ ಮಾತನ್ನು ಫೇಸ್‌ಬುಕ್‌ನಲ್ಲಿ ಹಂಚಿಕೊಂಡರು. ಅಡುಗೆಯವರು ಸಿಟ್ಟಾದರು, ಪಾಸ್ತಾ ಅಂಟಂಟಾಗುತ್ತದೆ ಅಂದರು. ಪತ್ರಿಕೆಗಳಲ್ಲಿ ದಿನಗಟ್ಟಲೆ ಇದೇ. ನಮ್ಮ ಅವ್ವ ಅನ್ನ ಕುದಿ ಬಂದ ಕೂಡಲೇ ಒಲೆಯಿಂದ ಕಟ್ಟಿಗೆ ಹಿರಿದು, ಮುಚ್ಚಳದ ಮೇಲೆ ನೀರಿನ ಚೊಂಬು ಇಟ್ಟು ಹೊಲಕ್ಕೆ ಹೋಗುತ್ತಿದ್ದಳು. ಯಾವ ನೊಬೆಲ್ಲೂ ಬರಲಿಲ್ಲ ಪಾಪ.

ನಿಯಮ ಮುರಿದರೆ ಏನಾಗುತ್ತದೆ ಅಂತ ಊರಿನವರೆಲ್ಲ ಕೇಳುತ್ತಾರೆ. ಕಾಗದದ ಮೇಲೆ 500ರಿಂದ 3,000 ಯೂರೋ ದಂಡ ಇದೆ. ಆದರೆ ಇಷ್ಟು ವರ್ಷದಲ್ಲಿ ನನ್ನ ಮನೆಗೆ ಯಾರೂ ಥರ್ಮಾಮೀಟರ್ ಹಿಡಿದು ಬಂದಿಲ್ಲ. ಒಂದೇ ಬಾಯ್ಲರ್ ಇರುವ ಕಟ್ಟಡದಲ್ಲಿ ಪೊಲೀಸರೇ ಬೇಡ, ಯಾಕೆಂದರೆ ಅದರ ಟೈಮರ್ ಇರುವುದು ಕಟ್ಟಡ ನೋಡಿಕೊಳ್ಳುವವರ ಕೈಯಲ್ಲಿ. ತಮ್ಮದೇ ಪುಟ್ಟ ಬಾಯ್ಲರ್ ಇರುವ ಮನೆಯವರು ಸೆಪ್ಟೆಂಬರ್‌ನಲ್ಲೇ ಸದ್ದಿಲ್ಲದೆ ಹಚ್ಚುತ್ತಾರೆ. ಗೋಡೆಗೆ ಹೊಸ ಹೀಟ್ ಪಂಪ್ ಹಾಕಿಸಿಕೊಂಡವರು ಕೂಡ. ನಿಯಮ ನಿಜಕ್ಕೂ ಕಟ್ಟಿಹಾಕುವುದು ಹಳೇ ಕಟ್ಟಡದ ಬಾಡಿಗೆದಾರರನ್ನು, ಸಿನ್ಯೋರಾನಂಥವರನ್ನು. ನನ್ನ ತಕರಾರು ಇಷ್ಟೇ. ತಾರೀಖು ಇರಲಿ, 19 ಡಿಗ್ರಿ ಇರಲಿ, ನಾನು ಇನ್ನೊಂದು ಸ್ವೆಟರ್ ಹಾಕಿಕೊಳ್ಳುತ್ತೇನೆ. ಆದರೆ ತಾರೀಖು ಹಾಕಿದ ಮೇಲೆ ಕೊನೆಯ ಮನೆಗೆ ಏನು ತಲುಪಿತು ಅಂತ ಬಂದು ನೋಡುವ ಒಬ್ಬ ಲಸ್ಕರ್, ಅಂದರೆ ನಮ್ಮ ನಾಲೆಯ ನೀರುಗಂಟಿಯಂಥವನು, ಇಲ್ಲವಲ್ಲ.

ಒಂದು ಏಪ್ರಿಲ್‌ನಲ್ಲಿ ಅಪ್ಪನನ್ನು ಇಲ್ಲಿಗೆ ಕರೆಸಿಕೊಂಡೆ. ನಾಲೆ ಬಂದ್ ಆಗಿತ್ತು, ಹೊಲದಲ್ಲಿ ಕೆಲಸ ಇರಲಿಲ್ಲ, ಊರಲ್ಲಿ ಬಿಸಿಲು 40 ದಾಟಿತ್ತು. ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುವುದು ನಮ್ಮ ಕಡೆಯವರಿಗೆ ಗೊತ್ತು. ಅಲ್ಲಿ ಬಿಸಿಲಿಗೆ ಸರ್ಕಾರದ ಕ್ಯಾಲೆಂಡರ್, ಇಲ್ಲಿ ಚಳಿಗೆ. ತಂಪಾಗಿ ಇದ್ದು ಹೋಗಲಿ ಅಂತ ಕರೆಸಿದರೆ, ತಂಪು ಸ್ವಲ್ಪ ಜಾಸ್ತಿಯೇ ಆಯಿತು.

ಅವರು ಬಂದಿದ್ದು 9ನೇ ತಾರೀಖು. ಮರುದಿನ ಬೆಳಿಗ್ಗೆ ವಾಕಿಂಗ್ ಹೋಗಿ ಬಂದವರೇ ಕೇಳಿದರು, "ಕೆಳಗಿನ ಮನ್ಯಾಗ ಕಿಟಕಿ ಯಾಕ ತೆಗೆದಾರ? ಪಡದೆ ಹೊರಗ ಹಾರ್ಯಾಡಕತ್ತದ." ಸೆಕೆ ಅಂತೆ ಅಂದೆ. ಅಪ್ಪ ಏನೂ ಹೇಳಲಿಲ್ಲ. ನಮ್ಮ ರೇಡಿಯೇಟರ್ ಮೇಲೆ ಕೈಯಿಟ್ಟರು. ಮೊದಲು ಕೆಳಗೆ, ಆಮೇಲೆ ನಡುವೆ, ಆಮೇಲೆ ಮೇಲೆ. ಕೆಳಗೆ ಬಿಸಿ, ಮೇಲೆ ತಣ್ಣಗೆ. "ಏರ್ ಹಿಡದದ" ಅಂದರು. ಪಂಪ್‌ಸೆಟ್ಟಿಗೆ ಗಾಳಿ ಹಿಡಿದರೆ ನೀರು ಎತ್ತುವುದಿಲ್ಲ, ಅದನ್ನು ಮೂವತ್ತು ವರ್ಷ ರಾತ್ರಿ ಎರಡು ಗಂಟೆಗೆ ಟಾರ್ಚ್ ಹಿಡಿದು ಸರಿ ಮಾಡಿದ ಕೈ ಅದು. ಕೊಳವೆಯ ಗಾಳಿಯೆಲ್ಲ ಕೊನೆಗೆ ತುದಿಯ ಮನೆಯಲ್ಲಿ ಬಂದು ಸೇರುತ್ತದೆ, ನಾನು ಇಂಜಿನಿಯರಿಂಗ್ ಓದಿದವನು, ನನಗೆ ಹೊಳೆದಿರಲಿಲ್ಲ. ಅಂಚಿನಲ್ಲಿದ್ದ ಪುಟ್ಟ ತಿರುಪನ್ನು ಸ್ಕ್ರೂಡ್ರೈವರ್‌ನಿಂದ ಸಡಿಲಿಸಿ, ಕೆಳಗೆ ಚಹಾದ ಲೋಟ ಹಿಡಿದರು. ಐದು ನಿಮಿಷ ಬುಸ್ ಅಂತ ಗಾಳಿ, ಆಮೇಲೆ ಕರ್ರಗಿನ ನೀರು. ಅರ್ಧ ಗಂಟೆಯಲ್ಲಿ ರೇಡಿಯೇಟರ್ ಮೇಲಿನ ತನಕ ಬಿಸಿ. ನಾನು ಅಷ್ಟು ವರ್ಷ ಅರ್ಧ ರೇಡಿಯೇಟರ್‌ನಲ್ಲಿ ಬದುಕಿದ್ದೆ.

ಅದೇ ಸಂಜೆ ಸಿನ್ಯೋರಾ ಮನೆಯ ನಾಲ್ಕೂ ರೇಡಿಯೇಟರ್‌ಗಳ ಗಾಳಿ ತೆಗೆದರು. ಇವರಿಗೆ ಇಟಾಲಿಯನ್ ಬಾರದು, ಅವರಿಗೆ ಕನ್ನಡ ಬಾರದು. ಲೋಟ ತುಂಬಿದಾಗಲೆಲ್ಲ ಸಿನ್ಯೋರಾ ಇನ್ನೊಂದು ಲೋಟ ಕೊಡುತ್ತಿದ್ದರು. ಆಮೇಲೆ ವೈನ್ ಕೊಟ್ಟರು, ಅಪ್ಪ ಮುಟ್ಟಲಿಲ್ಲ, ಕಾಫಿ ಕುಡಿದರು, ಕಹಿ ಅಂತ ನಾಲ್ಕು ಚಮಚ ಸಕ್ಕರೆ ಹಾಕಿಕೊಂಡರು.

ಐದು ದಿನ ಮನೆ ನಿಜಕ್ಕೂ ಬೆಚ್ಚಗಿತ್ತು. 15ರ ರಾತ್ರಿ ಬಿಸಿ ನಿಂತಿತು. 17ಕ್ಕೆ ಮಳೆ ಹಿಡಿಯಿತು, ಬೆಟ್ಟದಲ್ಲಿ ಹಿಮ ಬಿತ್ತು, ಮನೆ ಮತ್ತೆ 16 ಡಿಗ್ರಿ. ಅಪ್ಪ ರಗ್ಗು ಹೊದ್ದು ಸೋಫಾದಲ್ಲಿ ಕೂತು, "ಇನ್ನ ಹತ್ತ ದಿನ ಬಿಡ್ರಿ ಅಂತ ಯಾರೂ ಮನವಿ ಕೊಟ್ಟಿಲ್ಲೇನು?" ಅಂದರು. ಕೊಡುತ್ತಾರೆ, ಮೇಯರ್‌ಗೆ ಆ ಅಧಿಕಾರ ಇದೆ, ಚಳಿ ಜಾಸ್ತಿ ಇದ್ದ ವರ್ಷ ದಿನ ಮುಂದೂಡುತ್ತಾರೆ ಅಂದೆ. ಅಪ್ಪನಿಗೆ ಇದು ಸಮಾಧಾನ ತಂದಿತು. ನಮ್ಮ ಕಡೆ ಮಾರ್ಚ್ ಕೊನೆಗೆ ಬೆಳೆ ಒಣಗುವ ಹೊತ್ತಿಗೆ ನಡೆಯುವುದೂ ಅದೇ, ಇನ್ನು ಹತ್ತು ದಿನ ನೀರು ಬಿಡಿ ಅಂತ. ಆ ವರ್ಷ ನಮ್ಮ ಮೇಯರ್ ದಿನ ಮುಂದೂಡಿದರೋ ಇಲ್ಲವೋ ತಿಳಿಯುವ ಮೊದಲೇ ಬಿಸಿಲು ಬಂತು, ಅಪ್ಪ ಕಿಟಕಿ ಹತ್ತಿರ ಕುರ್ಚಿ ಎಳೆದುಕೊಂಡು ಬೆನ್ನು ಕಾಯಿಸಿಕೊಂಡರು. ಊರಿನ ಬಿಸಿಲನ್ನು ಜೀವನವಿಡೀ ಬೈದವರು.

ಹೋದ ಅಕ್ಟೋಬರ್ 15ಕ್ಕೂ ಫೋನ್ ಬಂತು.

"ಬಿಸಿ ಬಿಟ್ಟಾರೇನು?"

"ಬಿಟ್ಟಾರ. ಬೆಳಿಗ್ಗೆ ಕೊಳವಿ ಗುಳುಗುಳು ಅಂತು."

"ಮ್ಯಾಲಿನ ತನಕ ಬಂದದೇನು?"

ರೇಡಿಯೇಟರ್ ಮುಟ್ಟಿ ನೋಡಿದೆ. ಇನ್ನೂ ಪೂರ್ತಿ ಬಂದಿಲ್ಲ ಅಂದೆ.

"ಮೊದಲ ಗಾಳಿ ತೆಗಿ. ಆ ಮುದುಕಮ್ಮಂದೂ ತೆಗಿ. ಆಮ್ಯಾಲ ಕೆಳಗಿಳಿದು, ಒಂದನೇ ಮಹಡಿಯವರು ಕಿಟಕಿ ತೆಗೆದಾರೇನು ನೋಡಿ ಬಾ."